ಬೀಗರ ಎಂಬತ್ತೊಂದನೆಯ ಡೀಕಾಯಿ

ನಮ್ಮ ಬೀಗರಷ್ಟು ದೊಡ್ಡ ಸುಳ್ಳುಗಾರರನ್ನು ನಾನು ಈ ಎಪ್ಪತ್ತೆಂಟು ವರ್ಷಗಳಲ್ಲಿ ಕಂಡಿಲ್ಲ. ನಾವು ನೀವು ಸುಳ್ಳು ಹೇಳಿದರೆ ಬಾಯಲ್ಲಿ ಹೇಳುತ್ತೇವೆ, ಹೇಳಿ ಮರೆತುಬಿಡುತ್ತೇವೆ. ಅವರು ಹಾಗಲ್ಲ! ತಮ್ಮ ಸುಳ್ಳುಗಳಿಗೆ ಕಪ್ಪು ಬಿಳಿ ಬಣ್ಣ ಬಳಿದು, ಕಣ್ಣು ಬರೆದು, ಹೊಟ್ಟೆಯಡಿಗೆ ಹಗ್ಗ ಕಟ್ಟಿ, ಹೇವರ್ಡಿನ ತಮ್ಮ ಮನೆಯ ಗ್ಯಾರೇಜಿನಲ್ಲಿ ಸಾಲಾಗಿ ನೇತುಹಾಕಿದ್ದರು. ಒಟ್ಟು ಎಂಬತ್ತು. ಎಂಬತ್ತೂ ನೀರಿನ ಮೇಲೆ ತೇಲುತ್ತಿದ್ದವು. ನಾನು ಅವರಿಗೆ ಹೇಳಿದ್ದು ಒಂದೇ ಒಂದು ಸುಳ್ಳು. ಅದು ಮುಳುಗಿತು. ಮುಳುಗುವಾಗ ಅವರನ್ನೂ ಜೊತೆಗೆ ಎಳೆದುಕೊಂಡು ಹೋಗಲು ನೋಡಿತು.

ಆ ಒಂದರ ತಪ್ಪೊಪ್ಪಿಗೆಗಾಗಿಯೇ ಈ ಬರಹ. ಬೀಗರು ಇದ್ದಿದ್ದರೆ ಬರೆಯಲು ಬಿಡುತ್ತಿರಲಿಲ್ಲ. ಬೀಗಿತ್ತಿಯವರು ಇದ್ದಾರೆ, ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದುತ್ತಾರೆ. ಆದ್ದರಿಂದ ಒಂದೊಂದು ಸಾಲನ್ನೂ ಎರಡೆರಡು ಸಲ ಓದಿ ನೋಡುತ್ತಿದ್ದೇನೆ. ವಯಸ್ಸಿನಿಂದಲೂ ಇರಬಹುದು.

ಮೊದಲು ನನ್ನ ವಿಚಾರ ಹೇಳಿಬಿಡುತ್ತೇನೆ. ನಾನು ಮಳವಳ್ಳಿ ಕಡೆಯವನು. ಎಸ್ಸೆಸ್ಸೆಲ್ಸಿ ಪಾಸು, ಅದೂ ಎರಡನೆಯ ಸಲಕ್ಕೆ. ಹೆಂಡತಿಯ ಅಣ್ಣ ಕರೆಸಿಕೊಂಡಿದ್ದರಿಂದ ಈ ಅಮೆರಿಕ ದೇಶಕ್ಕೆ ಬಂದು, ಹೇವರ್ಡಿನ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿಕೊಂಡಿದ್ದೆ. ಹುಟ್ಟು ಪುಕ್ಕಲ. ಮನೆ ಬೀಗ ಹಾಕಿ ಕಾರು ಹತ್ತಿದ ಮೇಲೆ ಎರಡು ಸಲ ಇಳಿದು ಹೋಗಿ ಎಳೆದು ನೋಡುವವನು. ಫ್ರೀವೇಯಲ್ಲಿ ಬಲಗಡೆಯ ಲೇನು ಬಿಟ್ಟು ಆಚೆಗೆ ಹೋದವನಲ್ಲ. ಇಂಥವನಿಗೆ ಒಬ್ಬಳೇ ಮಗಳು. ಅವಳು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಡಾಟ್‌ಕಾಮ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲಿ ಪಕ್ಕದ ಮೇಜಿನ ಹುಡುಗನನ್ನು ಮೆಚ್ಚಿಕೊಂಡಳು. ಹುಡುಗನ ತಂದೆಯೇ ನಮ್ಮ ಬೀಗರು.

ಅವರು ಮಲ್ಪೆ ಕಡೆಯವರು. ಮೀನು ಹಿಡಿಯುವ ಮನೆತನ. ಚಿಕ್ಕಂದಿನಲ್ಲೇ ಹಡಗು ಹತ್ತಿ, ಅರ್ಧ ಪ್ರಪಂಚ ಸುತ್ತಿ, ಕೊನೆಗೆ ಇಲ್ಲಿ ಇಳಿದು ಮೆಷಿನ್ ಶಾಪಿನಲ್ಲಿ ಕೆಲಸ ಹಿಡಿದವರು. ನಾನು ಮೊದಲ ಭೇಟಿಯಲ್ಲಿ ಕೈಮುಗಿದು "ಬೀಗ್ರೇ, ನಮಸ್ಕಾರ" ಎಂದಾಗ ಅವರು ಗಾಬರಿಯಿಂದ ಬಾಗಿಲ ಕಡೆ ನೋಡಿದರು.

"ಬೀಗ ಹೇಳಿದ್ರೆ ನಮ್ಮಲ್ಲಿ ಬಾಗಿಲಿಗೆ ಹಾಕುದು ಮಾರಾಯ್ರೆ!"

"ನಮ್ಮ ಕಡೆ ಸಂಬಂಧ ಮಾಡ್ದೋರ್ನೂ ಹಂಗೇ ಅಂತೀವಿ" ಎಂದೆ.

"ಹಾಗಾದ್ರೆ ಬೀಗದ ಕೈ ಯಾರತ್ರ ಉಂಟು?" ಎಂದು ಅವರು ಕೇಳಿದಾಗ, ಅಡುಗೆಮನೆಯಿಂದ ಬೀಗಿತ್ತಿಯವರು "ನನ್ನತ್ರ" ಎಂದರು. ಅಲ್ಲಿಗೆ ಆ ಮನೆಯ ಸಂವಿಧಾನ ನನಗೆ ಅರ್ಥವಾಯಿತು.

ಈಗ ಡೀಕಾಯಿಯ ವಿಚಾರಕ್ಕೆ ಬರೋಣ. ನಿಶ್ಚಿತಾರ್ಥಕ್ಕೆ ನಾಲ್ಕು ದಿನ ಇರುವಾಗ ನನ್ನ ಹೆಂಡತಿ ಬೀಗಿತ್ತಿಯವರಿಗೆ ಫೋನು ಮಾಡಿ, "ಬೀಗರು ಏನ್ ಮಾಡ್ತಾವ್ರೆ?" ಎಂದು ಮರ್ಯಾದೆಗೆ ಕೇಳಿದಳು. ಆ ಕಡೆಯಿಂದ ಉತ್ತರ ಬಂತು: "ಎಂತ ಮಾಡುದು? ಗ್ಯಾರೇಜಲ್ಲಿ ಕೂತು ಡೀಕಾಯಿ ಕಟ್ತಾ ಇದ್ದಾರೆ. ಎಂಬತ್ತು ಉಂಟು. ಇನ್ನೂ ಬೇಕಂತೆ!"

ನನ್ನ ಹೆಂಡತಿ ಫೋನು ಇಟ್ಟು ಕಣ್ಣೊರೆಸಿಕೊಂಡಳು. "ನೋಡಿ, ಎಂಥ ದೊಡ್ಡ ಮನಸು! ಗಂಡಿನ ಕಡೆಯೋರಾದ್ರೂ ತಾಂಬೂಲಕ್ಕೆ ಎಂಬತ್ತು ಕಾಯಿ ಅವರೇ ತಂದು ಕಟ್ಟಿ ಇಟ್ಟವ್ರೆ."

"ಡೀ ಕಾಯಿ ಅಂದ್ರೆ ಯಾವ್ದೇ?"

"ಯಾವ್ದೋ ಒಳ್ಳೆ ತಳಿ ಇರ್ಬೇಕು ಬುಡಿ."

ಹೀಗಾಗಿ ನಾವು ಒಂದೇ ಒಂದು ತೆಂಗಿನಕಾಯಿಯನ್ನೂ ಕೊಳ್ಳದೆ ಬೀಗರ ಮನೆಗೆ ನಿಶ್ಚಿತಾರ್ಥಕ್ಕೆ ಹೋದೆವು. ತಟ್ಟೆ ಬದಲಾಯಿಸುವ ಹೊತ್ತಿಗೆ ಪುರೋಹಿತರು "ಕಾಯಿ?" ಎಂದರು. ನಾನು ಬೀಗರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ನನ್ನ ಹೆಂಡತಿ ನಾಚಿಕೊಂಡು, "ನಿಮ್ಮ ಗ್ಯಾರೇಜಲ್ಲಿ ಎಂಬತ್ತು ಅವೆಯಲ್ಲ" ಎಂದಳು. ಬೀಗರ ಮುಖ ಹೂವಿನ ಹಾಗೆ ಅರಳಿತು! ಓಡಿಹೋಗಿ ಎರಡು ಕೈಯಲ್ಲಿ ಎರಡನ್ನು ಹಿಡಿದು ತಂದರು. ಎರಡು ಪ್ಲಾಸ್ಟಿಕ್ ಬಾತುಕೋಳಿಗಳು. ಒಂದು ಗಂಡು, ಒಂದು ಹೆಣ್ಣು.

ಪುರೋಹಿತರು ಆ ಬಾತುಗಳನ್ನೂ ನಮ್ಮ ಕುಟುಂಬವನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಮಗಳು ಕಾರಿನಲ್ಲಿ ಹೋಗಿ ಮೆಕ್ಸಿಕನ್ ಅಂಗಡಿಯಿಂದ ಕಾಯಿ ತಂದಳು. ಕಾಯಿ ಬರುವವರೆಗೆ ಬೀಗರು ಅತಿಥಿಗಳಿಗೆ ಡೀಕಾಯಿಯ ಬಗ್ಗೆ ಭಾಷಣ ಮಾಡಿದರು. ಬೇಟೆಯವರು ನಿಜವಾದ ಬಾತುಗಳನ್ನು ಕರೆಯಲು ನೀರಿನ ಮೇಲೆ ತೇಲಿಬಿಡುವ ಸುಳ್ಳು ಬಾತಿಗೆ ಇಂಗ್ಲಿಷಿನಲ್ಲಿ ಡಿಕಾಯ್ ಎನ್ನುತ್ತಾರಂತೆ. ನನಗೆ ಆಗ ಹೊಳೆಯಿತು, ನಮ್ಮ ತಾತ ಇದಕ್ಕೆ ದೀವದ ಹಕ್ಕಿ ಎನ್ನುತ್ತಿದ್ದರು. ಪಂಜರದಲ್ಲಿ ಒಂದು ಗೌಜಲಹಕ್ಕಿಯನ್ನು ಇಟ್ಟು ಕೂಗಿಸಿ, ಬಂದದ್ದನ್ನು ಬಲೆಗೆ ಕೆಡವುತ್ತಿದ್ದರು. ಇದನ್ನು ಬೀಗರಿಗೆ ಹೇಳಿದ್ದೇ ತಪ್ಪಾಯಿತು ನೋಡಿ! "ಹಾಗಾದ್ರೆ ನಿಮ್ಮದೂ ಇದೇ ಕಸುಬಿನ ರಕ್ತ!" ಎಂದು ನನ್ನನ್ನು ಅಪ್ಪಿಕೊಂಡರು. ಅಂದಿನಿಂದ ಭಾನುವಾರಗಳು ನನ್ನ ಕೈತಪ್ಪಿದವು.

ಇದರಲ್ಲಿ ವಿಚಿತ್ರ ಏನೆಂದರೆ, ಬೀಗರು ಬೇಟೆಗಾರರೇ ಅಲ್ಲ! ಕೋವಿ ಮುಟ್ಟಿದವರಲ್ಲ. ಮೀನು ಬಿಟ್ಟರೆ ಬೇರೆ ಮಾಂಸ ತಿಂದವರಲ್ಲ. "ರೆಕ್ಕೆ ಇದ್ದದ್ದು ನನಗೆ ಆಗುದಿಲ್ಲ" ಎನ್ನುತ್ತಿದ್ದರು. ಕೋವಿ, ಲೈಸೆನ್ಸು, ದೊಡ್ಡ ದೋಣಿ ಎಲ್ಲವೂ ಪಕ್ಕದ ಮನೆಯ ಟೋನಿಯದು. ಟೋನಿ ಎಪ್ಪತ್ತು ದಾಟಿದ ಅಮೆರಿಕನ್, ಮಾತು ಕಡಿಮೆ, ಮಂಡಿನೋವು ಜಾಸ್ತಿ. ಬೀಗರದು ಕರೆಯುವ ಕೆಲಸ ಮಾತ್ರ.

"ಅಲ್ಲಾ ಬೀಗ್ರೇ, ನೀವು ಕರೆದು ತಾನೆ ಅವು ಸಾಯೋದು?" ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ನಾನು ಆಮಂತ್ರಣ ಕೊಡುವವ. ಊಟಕ್ಕೆ ಎಂತ ಬಡಿಸ್ತಾರೆ ಅಂತ ನನ್ನತ್ರ ಕೇಳ್ಬಾರ್ದು" ಎಂದರು. ಟೋನಿಯ ಗುರಿಯೂ ಹಾಗೇ ಇತ್ತು ಅನ್ನಿ. ಬಂದ ಅತಿಥಿಗಳಲ್ಲಿ ಹೆಚ್ಚಿನವರು ಕ್ಷೇಮವಾಗಿ ಮನೆಗೆ ಹೋಗುತ್ತಿದ್ದರು.

ಆ ಆಮಂತ್ರಣಕ್ಕೆ ಅವರು ಪಡುತ್ತಿದ್ದ ಪಾಡು! ಬಾತುಗಳಲ್ಲಿ ಎರಡು ಜಾತಿಯಂತೆ. ಒಂದು, ಬಾಲ ಮೇಲೆತ್ತಿ ತಲೆ ಮಾತ್ರ ಅದ್ದುವಂಥದ್ದು. ಅದು ಕೆರೆಕುಂಟೆಯದು, ನಾಲ್ಕು ಡೀಕಾಯಿ ಬಿಟ್ಟರೆ ಬರುತ್ತದೆ. ಇನ್ನೊಂದು, ಪೂರ್ತಿ ಮುಳುಗಿ ತಳದಿಂದ ಚಿಪ್ಪು ಹೆಕ್ಕಿಕೊಂಡು ಬರುವಂಥದ್ದು. ಅದು ನಮ್ಮ ಹೇವರ್ಡಿನ ಪಕ್ಕದ ಸಮುದ್ರದ ಕೊಲ್ಲಿಯ ನಡುವಿನ ದೊಡ್ಡ ನೀರಿನದು, ಗುಂಪು ಕಂಡರೆ ಮಾತ್ರ ಇಳಿಯುತ್ತದೆ. ಇವಕ್ಕೆ ಹತ್ತು ಇಪ್ಪತ್ತು ಸಾಲದು. ಒಂದೊಂದಕ್ಕೂ ಬೇರೆ ಬೇರೆ ಲಂಗರು ಹಾಕುತ್ತ ಕೂತರೆ ಸಂಜೆಯಾಗುತ್ತದೆ. ಅದಕ್ಕೇ ಒಂದು ಉದ್ದನೆಯ ಹಗ್ಗ. ಬೀಗರು ಅದನ್ನು ತಾಯಿಹಗ್ಗ ಎನ್ನುತ್ತಿದ್ದರು. ಅದಕ್ಕೆ ಒಂದು ಮಾರಿಗೆ ಒಂದರಂತೆ ಇಪ್ಪತ್ತು ಕುಣಿಕೆ. ಪ್ರತಿ ಬಾತಿನ ಹೊಟ್ಟೆಯಿಂದ ಒಂದು ಗೇಣು ದಾರ, ದಾರದ ತುದಿಗೆ ಕೊಕ್ಕೆ. ಕೊಕ್ಕೆಯನ್ನು ಕುಣಿಕೆಗೆ ಸಿಕ್ಕಿಸಿದರೆ ಬಾತಿನ ಮಾಲೆ ಸಿದ್ಧ. ಗಾಳಿ ಬರುವ ಕಡೆಯ ತುದಿಗೆ ಕಬ್ಬಿಣದ ಲಂಗರು, ಇನ್ನೊಂದು ತುದಿಗೆ ಚಿಕ್ಕ ಸೀಸದ ಗುಂಡು. ಮಾಲೆಯ ಪ್ರಾಣವೆಲ್ಲ ಆ ಲಂಗರಿನ ಗಂಟಿನಲ್ಲಿ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನಂತೂ ಮರೆಯಲಾರೆ.

ನನ್ನ ಹೆಂಡತಿ ಒಮ್ಮೆ ಗ್ಯಾರೇಜಿಗೆ ಬಂದು ಬೀಗರು ತೋಳು ಚಾಚಿ ಚಾಚಿ ಮಾರು ಹಾಕುವುದನ್ನು ನೋಡಿ, "ಮಲ್ಲಿಗೆ ಮಾರೋಳ ಹಂಗೇ ಅಳೀತಾರೆ! ಆದ್ರೆ ಕೈ ಧಾರಾಳ" ಎಂದು ಮೆಚ್ಚಿಕೊಂಡಳು.

ಮಾಲೆಗಳನ್ನು ನೀರಿನಲ್ಲಿ ಸುಮ್ಮನೆ ಎಳೆದುಬಿಟ್ಟರೂ ಆಗದು. ಎರಡು ಮಾಲೆಗಳ ನಡುವೆ ಜಾಗ ಬಿಡಬೇಕು. ಹಾರಿ ಬರುವ ಬಾತು ಅಲ್ಲಿ ಇಳಿಯುತ್ತದೆ. "ಪಂಕ್ತಿಯಲ್ಲಿ ಎಲೆ ಖಾಲಿ ಕಾಣದಿದ್ರೆ ಯಾರು ಒಳಗೆ ಬರ್ತಾರೆ ಹೇಳಿ?" ಎನ್ನುತ್ತಿದ್ದರು ಬೀಗರು. ಕಂದು ಬಣ್ಣದ ಹೆಣ್ಣು ಬಾತುಗಳು ಒಂದು ಕಡೆ, ಕಪ್ಪು ಬಿಳಿಯ ಗಂಡುಗಳು ಒಂದು ಕಡೆ. ಯಾವುದಾದರೂ ಒಂದು ವಾಲಿಕೊಂಡು ತೇಲಿದರೆ, "ಇವ ಗಂಡಿನ ಕಡೆಯವ, ಕುಡಿದು ಬಂದಿದ್ದಾನೆ" ಎಂದು ಅದರ ಹೊಟ್ಟೆಗೆ ಸೀಸ ಸೇರಿಸುತ್ತಿದ್ದರು.

ಟೋನಿ ಒಂದು ಸಲ ಎರಡು ಬಾತು ಕೊಟ್ಟುಕಳಿಸಿದ. ನಾನು ಮಂಡ್ಯ ಜಿಲ್ಲೆಯವನು, ನನಗೆ ಬೇರೆ ಹೇಳಬೇಕೆ! ನನ್ನ ಹೆಂಡತಿ ಮಸಾಲೆ ಅರೆದು ಸಾರು ಕುದಿಸಿ ಮುದ್ದೆ ಕಟ್ಟಿದಳು. ಒಂದು ತುತ್ತು ಬಾಯಿಗಿಟ್ಟೆ. ಕೊಲ್ಲಿಯ ಕೆಸರು, ಚಿಪ್ಪು, ಹಳೆಯ ಮೀನು, ಎಲ್ಲ ಒಟ್ಟಿಗೆ ಬಂದು ಗಂಟಲಲ್ಲಿ ನಿಂತವು. ಮೂರು ದಿನ ಅಪಾರ್ಟ್‌ಮೆಂಟಿನ ಕಿಟಕಿ ಮುಚ್ಚಲಿಲ್ಲ. ಬೀಗರಿಗೆ ಹೇಳಿದಾಗ, "ಮೀನು ತಿಂದ ಬಾತನ್ನು ತಿನ್ನುವ ಬದಲು ಸೀದಾ ಮೀನನ್ನೇ ತಿನ್ಬಾರ್ದಾ ಮಾರಾಯ್ರೆ?" ಎಂದು ಮುಗ್ಧವಾಗಿ ಕೇಳಿದರು.

ಡಾಟ್‌ಕಾಮ್ ಅಂದರೆ ಏನೆಂದು ನನಗೆ ಅರ್ಥವಾದದ್ದೂ ಆ ಗ್ಯಾರೇಜಿನಲ್ಲೇ. ಬೀಗರು ಮಗನನ್ನು ಕೇಳಿದರು, "ನಿಮ್ಮ ಆಫೀಸಲ್ಲಿ ಎಂತ ಮಾರುದು?"

"ಮಾರೋದಿಲ್ಲ ಅಪ್ಪ. ಜನರ ಕಣ್ಣು ನಮ್ಮ ಸೈಟಿಗೆ ಬರೋ ಹಾಗೆ ಮಾಡ್ತೀವಿ."

"ಬಂದ ಮೇಲೆ?"

"ಇನ್ನೂ ಜಾಸ್ತಿ ಜನ ಬರ್ತಾರೆ."

ಬೀಗರು ಮೇಲೆ ತೂಗುತ್ತಿದ್ದ ಎಂಬತ್ತನ್ನು ತೋರಿಸಿ, "ಇದೇ ಅಲ್ವಾ ಅದು?" ಎಂದರು.

"ಡ್ಯಾಡ್, ಇಟ್ಸ್ ನಾಟ್ ದಿ ಸೇಮ್!" ಎಂದು ಹುಡುಗ ಕೆಂಪಾದ. ಮುಂದಿನ ವರ್ಷ ಆ ಕಂಪನಿ ಮುಚ್ಚಿತು. ಡೀಕಾಯಿಗಳು ಮಾತ್ರ ಹೊಸದರ ಹಾಗೇ ಇದ್ದವು.

ಇನ್ನು ಗಂಟಿನ ವಿಚಾರ. ಮದುವೆಗೆ ಒಂದೂವರೆ ತಿಂಗಳು ಇರುವಾಗ ಬೀಗರು ನನಗೆ ಲಂಗರಿನ ಗಂಟು ಕಲಿಸಲು ನಿಂತರು. ಎಷ್ಟು ಎಳೆದರೂ ಜಾರದ, ಒದ್ದೆಯಾದರೂ ಬಿಗಿದುಕೊಳ್ಳದ ಹಡಗಿನವರ ಗಂಟು. "ಇದು ಹುತ್ತ, ಇದು ಮರ, ಈ ತುದಿ ನಾಗ. ನಾಗ ಹುತ್ತದಿಂದ ಮೇಲೆ ಬಂದ. ಮರಕ್ಕೆ ಒಂದು ಸುತ್ತು ಬಂದ. ವಾಪಸು ಹುತ್ತಕ್ಕೆ ಹೋದ. ಅಷ್ಟೇ!" ಅವರ ಬೆರಳುಗಳಲ್ಲಿ ಅದು ಕಣ್ಣು ಮಿಟುಕಿಸುವುದರಲ್ಲಿ ಆಗಿಹೋಗುತ್ತಿತ್ತು. ನನ್ನ ನಾಗ ಮೇಲೆ ಬರುತ್ತಿದ್ದ, ಮರ ಸುತ್ತುತ್ತಿದ್ದ, ಆಮೇಲೆ ದಾರಿ ತಪ್ಪುತ್ತಿದ್ದ. ಮನೆಯಲ್ಲಿ ಕುರ್ಚಿಯ ಕಾಲಿಗೆ, ನಲ್ಲಿಗೆ, ಹೆಂಡತಿಯ ಕೈಗೆ ಕಟ್ಟಿ ಕಟ್ಟಿ ನೋಡಿದೆ. ಎಳೆದರೆ ಬಿಚ್ಚುತ್ತಿತ್ತು, ಇಲ್ಲವೇ ಕತ್ತರಿ ಬೇಕಾಗುತ್ತಿತ್ತು.

ಮೂರನೆಯ ಭಾನುವಾರ ಬೀಗರು ಕೇಳಿದರು, "ಬಂತಾ?"

ಬರಲಿಲ್ಲ ಎನ್ನಬಹುದಿತ್ತು. ಒಂದೇ ಪದ. ಆದರೆ ಅವರು ಗಂಡಿನ ತಂದೆ, ನಾನು ಹೆಣ್ಣಿನ ತಂದೆ. ಎಸ್ಸೆಸ್ಸೆಲ್ಸಿ ಎರಡನೆಯ ಸಲಕ್ಕೆ ಪಾಸಾದವನ ಮಗಳೆಂದು ನಾಳೆ ಅವಳನ್ನು ಯಾರಾದರೂ ಹಗುರವಾಗಿ ಕಂಡರೆ? ಒಂದು ಗಂಟು ಹಾಕಲು ಬಾರದ ದಡ್ಡ ಎಂದು ಬೀಗರು ಮನಸ್ಸಿನಲ್ಲೇ ಅಂದುಕೊಂಡರೆ? ಇಂಥ ಯೋಚನೆಗಳು ನನಗೆ ಒಂದರ ಹಿಂದೆ ಒಂದು ತಾಯಿಹಗ್ಗಕ್ಕೆ ಪೋಣಿಸಿದ ಹಾಗೆ ಬರುತ್ತವೆ. ಆದ್ದರಿಂದ ಹೇಳಿದೆ: "ಬಂತು ಬಂತು."

ಮದುವೆಗೆ ಮೂರು ವಾರ ಇತ್ತು. ಚಳಿಗಾಲದ ಬೆಳಗು. ಬೀಗರು ನನ್ನನ್ನೂ ಕೊಲ್ಲಿಗೆ ಕರೆದರು. ನನಗೆ ಈಜು ಬಾರದು. ಹೆಂಡತಿಗೆ ಹೇಳಿದರೆ, "ಬೀಗರು ಕರೆದಾಗ ಇಲ್ಲ ಅನ್ಬಾರ್ದು, ಹೋಗ್ಬುಟ್ಟು ಬನ್ನಿ" ಎಂದಳು. ಬೀಗರು ತಮ್ಮ ಹಾಗೆಯೇ ನನ್ನನ್ನೂ ಎದೆಮಟ್ಟದ ರಬ್ಬರ್ ಪ್ಯಾಂಟಿನೊಳಗೆ ತುಂಬಿಸಿದರು. ಟೋನಿಯ ದೊಡ್ಡ ದೋಣಿ, ಅದರ ಹಿಂದೆ ಕಟ್ಟಿದ ಬೀಗರ ಚಿಕ್ಕ ದೋಣಿ, ನಲವತ್ತು ಡೀಕಾಯಿ. ಹೇವರ್ಡಿನ ದಡದಾಚೆ ನೀರು ತಗಡಿನ ಹಾಗೆ ಹೊಳೆಯುತ್ತಿತ್ತು. ಬೀಗರು ಹಾಡಿಕೊಳ್ಳುತ್ತಿದ್ದರು. ನಾನು ಲೈಫ್ ಜಾಕೆಟಿನ ಬಕಲ್ಲನ್ನು ಎಳೆದು ನೋಡುತ್ತಿದ್ದೆ.

ಲಂಗರುಗಳನ್ನು ಹಗ್ಗಕ್ಕೆ ಸಿಕ್ಕಿಕೊಳ್ಳದ ಹಾಗೆ ಬೇರೆ ಬಕೆಟ್ಟಿನಲ್ಲಿ ಒಯ್ದು, ನೀರಿಗೆ ಬಿಡುವ ಮುಂಚೆ ಕಟ್ಟುವುದು ಬೀಗರ ಪದ್ಧತಿ. ಮೊದಲ ಮಾಲೆಗೆ ಅವರೇ ಕಟ್ಟಿ ಬಿಟ್ಟರು. ಎರಡನೆಯದರ ತುದಿಯನ್ನು ನನ್ನ ಕೈಗೆ ಕೊಟ್ಟು, "ಇದು ನಿಮ್ಮದು ಬೀಗರೇ. ಹೆಣ್ಣಿನ ಕಡೆಯ ಪಂಕ್ತಿ" ಎಂದು ನಕ್ಕರು.

ಬೆರಳು ಮರಗಟ್ಟಿದ್ದವು. ಹುತ್ತ ಯಾವುದು, ಮರ ಯಾವುದು, ಒಂದೂ ನೆನಪಾಗಲಿಲ್ಲ. ಮೆದುಳು ಕೈಬಿಟ್ಟಾಗ ಕೈಗಳು ತಮಗೆ ಗೊತ್ತಿದ್ದನ್ನು ಮಾಡುತ್ತವೆ. ನನ್ನ ಕೈಗಳಿಗೆ ಗೊತ್ತಿದ್ದದ್ದು ಒಂದೇ ಗಂಟು, ಹಸುವನ್ನು ಗೂಟಕ್ಕೆ ಕಟ್ಟುವ ಜೀರುಗುಣಿಕೆ. ಅವ್ವ ಕಲಿಸಿದ್ದು. ಕೊಟ್ಟಿಗೆಗೆ ಬೆಂಕಿ ಬಿದ್ದರೆ ಒಂದೇ ಎಳೆತಕ್ಕೆ ಬಿಚ್ಚಿ ಹಸು ಪಾರಾಗಬೇಕು ಎಂದು ಹೇಳಿಕೊಟ್ಟಿದ್ದ ಗಂಟು. ಒಂದೇ ಎಳೆತಕ್ಕೆ!

"ಗಂಟು ಹಾಕಿದ್ರಾ?" ಗಾಳಿಯಲ್ಲಿ ಬೀಗರು ಕೂಗಿದರು.

"ಹಾಕ್ದೆ!"

"ನಾಗ ಹುತ್ತಕ್ಕೆ ಹೋದ್ನಾ?"

"ಹೋಗಿ ಮಲಗ್ದ!" ಎಂದೆ. ಇದನ್ನು ಬರೆಯುವಾಗ ಈಗಲೂ ಮೈ ಬಿಸಿಯಾಗುತ್ತದೆ.

ಒಂದು ಗಂಟೆ ಎಲ್ಲ ಚೆನ್ನಾಗಿತ್ತು. ಬಾತುಗಳು ಬಂದವು, ಟೋನಿ ಹೊಡೆದ, ಬಾತುಗಳು ಹೋದವು. ಆಮೇಲೆ ಗಾಳಿ ಜೋರಾಯಿತು, ಕೊಲ್ಲಿಯ ನೀರಿನ ಇಳಿತ ಶುರುವಾಯಿತು. ಅಲೆ ಒಂದೊಂದಾಗಿ ಬಂದು ನನ್ನ ಜೀರುಗುಣಿಕೆಯನ್ನು ಎಳೆದು ನೋಡಿತು. ನೋಡುತ್ತಿದ್ದ ಹಾಗೆಯೇ ಹೆಣ್ಣಿನ ಕಡೆಯ ಇಪ್ಪತ್ತೂ ಬಾತುಗಳು ಎದ್ದು ಹೊರಟವು! ಸೀಸದ ಗುಂಡನ್ನು ಎಳೆದುಕೊಂಡು, ಮೆರವಣಿಗೆಯಲ್ಲಿ, ದೂರದ ಕೆಸರುದಿಣ್ಣೆಯ ಕಡೆಗೆ.

"ಓ! ಮದಿಮಾಳು ಓಡ್ತಾ ಇದ್ದಾಳೆ!" ಎಂದು ಬೀಗರು ಚಿಕ್ಕ ದೋಣಿಗೆ ಇಳಿದರು. ಮದುವಣಗಿತ್ತಿಗೆ ಅವರ ತುಳುವಿನಲ್ಲಿ ಹಾಗೆನ್ನುತ್ತಾರೆ. ನಗುತ್ತಲೇ ಹುಟ್ಟು ಹಾಕಿಕೊಂಡು ಹೋದರು. ದಿಣ್ಣೆಯ ಅಂಚಿನಲ್ಲಿ ಮಾಲೆಯ ಬಾಲ ಸಿಕ್ಕಿಕೊಂಡಿತ್ತು. ಬಿಡಿಸಲು ಅವರು ಒಂದು ಕಾಲು ಕೆಳಗಿಟ್ಟರು. ಅದು ತೊಡೆಯವರೆಗೆ ಹೋಯಿತು. ಅದನ್ನು ಎತ್ತಲು ಇನ್ನೊಂದನ್ನು ಇಟ್ಟರು. ಅದೂ ಹೋಯಿತು. ಹಗುರಾದ ದೋಣಿ ಅವರ ಕೈಯಿಂದ ಜಾರಿ ಆಚೆ ತೇಲಿತು.

ಅವರು ನಗುವುದನ್ನು ನಿಲ್ಲಿಸಿದ್ದು ಅಷ್ಟು ದೂರದಿಂದಲೂ ನನಗೆ ಕಂಡಿತು.

ಟೋನಿ ದೋಣಿಯನ್ನು ನೀರಿದ್ದಷ್ಟು ಹತ್ತಿರ ಒಯ್ದ. ಇನ್ನೂ ಇಪ್ಪತ್ತು ಮಾರು ಉಳಿದಿತ್ತು. ಅದರಾಚೆ ಗಂಜಿಯಂಥ ಕೆಸರು. ಅವನು ಎಸೆದ ಹಗ್ಗ ಅರ್ಧ ದಾರಿಗೂ ಹೋಗಲಿಲ್ಲ. ರೇಡಿಯೋದಲ್ಲಿ ಸಹಾಯ ಕೇಳಿದ. ಬರಲು ಹೊತ್ತಾಗುತ್ತದೆ ಎಂದರು. ಬೀಗರು ಸೊಂಟದವರೆಗೆ ಹೋಗಿದ್ದರು. ತುಟಿ ನೀಲಿಯಾಗಿತ್ತು. ಈ ಚಳಿಯಲ್ಲಿ ಎಷ್ಟು ಹೊತ್ತು? ನೀರು ವಾಪಸು ಏರಿದರೆ? ಆಗ ನನ್ನ ಕಣ್ಣಿಗೆ ಬಿದ್ದದ್ದು ತೇಲುತ್ತಿದ್ದ ತಾಯಿಹಗ್ಗ. ಅದರ ಬಾಲ ಬೀಗರ ಹತ್ತಿರ, ತಲೆ ನಮ್ಮ ದೋಣಿಯ ಮುಂದೆ! ಕೊಕ್ಕೆಕೋಲಿನಿಂದ ಅದನ್ನು ಎಳೆದುಕೊಂಡೆ. ತುದಿ ಕೈಗೆ ಬಂತು. ಬೋಳು. ಗಂಟಿನ ಗುರುತೂ ಇಲ್ಲ. ಟೋನಿ ನೋಡುವ ಮುಂಚೆ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಬೀಗರು ಸಾಯುತ್ತಿರುವಾಗಲೂ ನಾನು ಅದನ್ನು ಮುಚ್ಚಿಕೊಂಡೆ. ನನ್ನ ತಪ್ಪುಗಳಲ್ಲಿ ಇದು ಆ ಗಂಟಿಗಿಂತ ದೊಡ್ಡದು.

"ಬೀಗ್ರೇ! ಹಗ್ಗ ಕಂಕುಳ ಕೆಳಗೆ ಕಟ್ಕೊಳ್ಳಿ! ನಿಮ್ಮ ಗಂಟು!"

ಆ ಚಳಿಯಲ್ಲೂ ಅವರ ನಾಗ ದಾರಿ ತಪ್ಪಲಿಲ್ಲ. ನಾನೂ ಟೋನಿಯೂ ಎಳೆದೆವು. ಅವರು ಅಲುಗಲಿಲ್ಲ. ಆಗ ನೆನಪಾಯಿತು, ಗದ್ದೆಯ ಕೆಸರಿನಲ್ಲಿ ಹೂತ ಎತ್ತನ್ನು ನಿಲ್ಲಿಸಿ ಎಳೆದರೆ ಬರುವುದಿಲ್ಲ. ಮಲಗಿಸಬೇಕು. ಒಂದೊಂದೇ ಕಾಲು ಸಡಿಲಿಸಬೇಕು. ಆಮೇಲೆ ನನ್ನ ಬಾಯಿಂದ ಏನು ಬಂತೋ ಅದಕ್ಕೆ ನಾನು ಜವಾಬ್ದಾರನಲ್ಲ.

"ಮಲಗೋ! ಮಲಗೋ ನನ್ನಪ್ಪಾ! ಹೊಟ್ಟೆ ಮೇಲೆ ಬೀಳೋ! ಕಾಲು ಅಲ್ಲಾಡ್ಸೋ ಬಸವಾ!"

ಬೀಗರಿಗೆ ಏಕವಚನ! ಗಂಡಿನ ತಂದೆಗೆ ಎತ್ತಿನ ಹೆಸರು! ಆದರೆ ಅವರು ಮಲಗಿದರು. ಅಲ್ಲಾಡಿಸಿದರು. ಪಚಕ್ ಎಂದು ಏನೋ ಸದ್ದಾಯಿತು. ಮುಂದೆ ಇಪ್ಪತ್ತು ಬಾತುಗಳು, ಅವುಗಳ ಹಿಂದೆ ಇಪ್ಪತ್ತೊಂದನೆಯವರಾಗಿ ನಮ್ಮ ಬೀಗರು ಕೆಸರಿನ ಮೇಲೆ ಜಾರಿಕೊಂಡು ಬಂದರು. ರಬ್ಬರ್ ಪ್ಯಾಂಟು ಬರಲಿಲ್ಲ. ಅದು ಅಲ್ಲೇ ನಿಂತು ನಮ್ಮನ್ನು ನೋಡುತ್ತಿತ್ತು.

ಕಂಬಳಿಯಲ್ಲಿ ಸುತ್ತಿ ಮಲಗಿಸಿದೆವು. ಹಲ್ಲು ಕಟಕಟ ಎನ್ನುತ್ತಿದ್ದವು. ಮಾತು ಬಂದ ಮೇಲೆ ಅವರು ಮೊದಲು ನೋಡಿದ್ದು ನನ್ನ ಮುಷ್ಟಿಯನ್ನು. ಆಮೇಲೆ ನನ್ನ ಮುಖವನ್ನು. ಆಮೇಲೆ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡು, ಟೋನಿಗೆ ಇಂಗ್ಲಿಷಿನಲ್ಲಿ, "ಮೈ ನಾಟ್. ಮೈ ನಾಟ್ ವೆಂಟ್" ಎಂದರು. ಗಂಟು ತಮ್ಮದೇ ಎಂದು ಹೇಳಿಬಿಟ್ಟರು. ಪಾಪ, ಎರಡು ಮಾಲೆಗಳಲ್ಲಿ ಯಾವುದು ಯಾರದೆಂದು ಗಡಿಬಿಡಿಯಲ್ಲಿ ಅದಲುಬದಲಾಗಿದೆ ಎಂದುಕೊಂಡೆ. ಹೇಳಬೇಕಿತ್ತು. ನನ್ನ ಬಾಯಿಗೆ ಬೀಗ.

ಮದುವೆಯ ದಿನ ಬೀಗರು ಮೈಕು ಹಿಡಿದರು. "ನನ್ನ ಗಂಟು ಬಿಚ್ಚಿತು. ಇವರಿಲ್ಲದಿದ್ರೆ ಇವತ್ತು ಧಾರೆಗೆ ನಾನಿರ್ತಿರ್ಲಿಲ್ಲ. ನನ್ನ ಬೀಗರು ನನ್ನನ್ನು 'ಲೋ' ಹೇಳಿ ಬದುಕಿಸಿದ್ರು!" ಎಂದರು. ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ನನಗೆ ಹಾರ ಹಾಕಿದರು. ಆಮೇಲೆ ಮುಹೂರ್ತಕ್ಕೆ ಹುಡುಗ ಮಾಂಗಲ್ಯಕ್ಕೆ ಮೂರು ಗಂಟು ಹಾಕಿದ. ನನಗೆ ಅಲ್ಲಿ ಯಾವ ಗಂಟನ್ನೂ ಕಣ್ಣೆತ್ತಿ ನೋಡಲಾಗಲಿಲ್ಲ.

ಬೀಗಿತ್ತಿಯವರು ನನ್ನ ಹೆಂಡತಿಗೆ ಹೇಳಿದರಂತೆ: "ಇವರ ಗಂಟು ಬಿಚ್ಚಿದ್ದು ಇದೇ ಮೊದಲು. ಪ್ರಾಯ ಆಯ್ತಲ್ಲ. ಇನ್ನು ನೀರಿಗೆ ಕಳಿಸುದಿಲ್ಲ ಹೇಳಿ ಆಣೆ ಹಾಕಿಸಿಕೊಂಡಿದ್ದೇನೆ." ಬೀಗರು ಒಂದು ಮಾತೂ ಎದುರಾಡದೆ ಆಣೆ ಹಾಕಿದ್ದರು. ಡೀಕಾಯಿಗಳೆಲ್ಲ ಟೋನಿಯ ಗ್ಯಾರೇಜಿಗೆ ಹೋದವು. ನಮ್ಮ ಬೀಗರು ದಡದ ಬೆಂಚಿನ ಮೇಲೆ ಕೂತು ಬೇರೆಯವರ ದೋಣಿಗಳನ್ನು ನೋಡುವವರಾದರು. ಪಕ್ಕದಲ್ಲಿ ನಾನು. ಪ್ರತಿ ಭಾನುವಾರ ಹೇಳಲು ಬಾಯಿ ತೆರೆಯುತ್ತಿದ್ದೆ. "ಚಳಿ ಅಲ್ವಾ ಬೀಗ್ರೇ?" ಎನ್ನುತ್ತಿದ್ದೆ.

ಎರಡು ವರ್ಷ ತುಂಬುವುದರೊಳಗೆ ಮೊಮ್ಮಗಳು ಬಂದಳು. ನಾಮಕರಣ ಎವರ್‌ಗ್ರೀನ್ ಬಡಾವಣೆಯ ಮಗಳ ಮನೆಯಲ್ಲಿ. ಮರದ ತೊಟ್ಟಿಲನ್ನು ಹಿತ್ತಲಿನ ಚಪ್ಪರದ ತೊಲೆಗೆ ಕಟ್ಟಬೇಕು. ಹೆಂಗಸರು ಒಳಗಿದ್ದರು, ಮಗು ಅಳುತ್ತಿತ್ತು. ಬೀಗರು ಹಗ್ಗದ ಎರಡು ತುಂಡು ತಂದು, ಒಂದನ್ನು ನನ್ನ ಕೈಗೆ ಕೊಟ್ಟರು.

"ನಿಮ್ಮ ಕಡೆ ನೀವು ಕಟ್ಟಿ. ನನ್ನ ಕಡೆ ನಾನು."

ಹಗ್ಗವನ್ನು ತೊಲೆಗೆ ಸುತ್ತಿದೆ. ಕೈಗಳು ತಾವಾಗಿಯೇ ಹಸುವಿನ ಗಂಟಿಗೆ ಹೊರಟವು. ಒಂದೇ ಎಳೆತಕ್ಕೆ ಬಿಚ್ಚುವ ಗಂಟು, ಅದರ ಕೆಳಗೆ ನನ್ನ ಮಗಳ ಮಗು! ಕೈ ನಿಲ್ಲಿಸಿದೆ. ಕಣ್ಣು ಮಂಜಾಯಿತು.

"ಬೀಗ್ರೇ, ನನಗೆ ಬರಲ್ಲ. ಯಾವತ್ತೂ ಬಂದಿರ್ಲಿಲ್ಲ. ಅವತ್ತು ನೀರಲ್ಲಿ ಆ ಗಂಟು..."

"ಗೊತ್ತುಂಟು."

"ಏನು ಗೊತ್ತು?"

"ನನ್ನ ಗಂಟು ಬಿಚ್ಚುದುಂಟಾ ಮಾರಾಯ್ರೆ?" ಎಂದರು, ಒಳಗಿನವರಿಗೆ ಕೇಳದಷ್ಟು ಮೆಲ್ಲಗೆ. "ಮೂರು ವಾರದಲ್ಲಿ ಮದುವೆ ಇತ್ತು. ಹುಡುಗಿ ನಮ್ಮ ಮನೆಗೆ ತಲೆ ಎತ್ತಿ ಬರ್ಬೇಕಿತ್ತು. ಮೊದಲು ಇದನ್ನು ಕಟ್ಟುವ. ಮಗು ಅಳ್ತಾ ಉಂಟು."

ಎಂಬತ್ತು ಎಂದು ನಾನು ಲೆಕ್ಕ ಇಟ್ಟಿದ್ದೆನಲ್ಲ? ಅವರು ನನಗೆ ತಿಳಿಯದ ಹಾಗೆ ಇನ್ನೊಂದನ್ನು ಮಾಡಿ ಎಲ್ಲರ ಮುಂದೆ ತೇಲಿಬಿಟ್ಟಿದ್ದರು. ಅದು ನಿಜವೆಂದು ನಂಬಿ ಇಳಿದವರಲ್ಲಿ ನಾನೂ ಒಬ್ಬ. ಅದು ಮುಳುಗದ ಹಾಗೆ ನೋಡಿಕೊಳ್ಳಲು ಅವರು ತಮ್ಮ ನೀರನ್ನೇ ಬಿಟ್ಟುಕೊಟ್ಟಿದ್ದರು.

ಬೀಗರು ನನ್ನ ಹಿಂದೆ ಬಂದು ನಿಂತರು. ಎರಡೂ ಕಡೆಯಿಂದ ತೋಳು ಚಾಚಿ ತಮ್ಮ ಒರಟು ಕೈಗಳನ್ನು ನನ್ನ ಕೈಗಳ ಮೇಲೆ ಇಟ್ಟರು. ಕಿವಿಯ ಹತ್ತಿರ, ಮಗುವಿಗೆ ಜೋಗುಳ ಹೇಳುವ ಹಾಗೆ ಹೇಳಿದರು:

"ನಾಗ ಮೇಲೆ ಬಂದ... ಮರ ಸುತ್ತಿದ... ಹೆದರ್ಬೇಡಿ, ಹೋಗ್ತಾನೆ... ಹಾಂ. ಮನೆ ಸೇರಿದ."